ಮೊದಲು ಬೋರ್ಡ್ ಯಾವುದು ಹೇಳಿ

"ಗೇಮಿಂಗ್‌ಗೆ ಯಾವ ಪ್ರೊಸೆಸರ್ ತಗೋಬೇಕು?" ಅಂತ ಹಾಸ್ಟೆಲಲ್ಲಿ ಯಾರಾದ್ರೂ ಕೇಳಿದ್ರೆ ಸಾಕು, ರೂಮಲ್ಲಿ ಎರಡು ಪಕ್ಷ ಆಗುತ್ತೆ. ಒಂದು ಇಂಟೆಲ್, ಇನ್ನೊಂದು ಎಎಂಡಿ. ಕೇಳಿದವನ ಹತ್ರ ಈಗ ಯಾವ ಮದರ್‌ಬೋರ್ಡ್ ಇದೆ ಅಂತ ಮಾತ್ರ ಯಾರೂ ಕೇಳಲ್ಲ. ಹೊಸ ಪಿಸಿ ಕಟ್ಟೋರ ಲೆಕ್ಕ ಬೇರೆ. ಇರೋ ಪಿಸಿಯನ್ನೇ ಕಡಿಮೆ ದುಡ್ಡಲ್ಲಿ ಮೇಲೆತ್ತಬೇಕು ಅನ್ನೋರಿಗೆ ಬೋರ್ಡೇ ಮೊದಲ ಪ್ರಶ್ನೆ, ಯಾಕಂದ್ರೆ ಖರ್ಚು ಒಂದು ಸಾಮಾನಿಗೋ ಮೂರು ಸಾಮಾನಿಗೋ ಅನ್ನೋದು ಅಲ್ಲೇ ತೀರ್ಮಾನ ಆಗುತ್ತೆ.

ಅದಕ್ಕೂ ಮುಂಚೆ ತೊಂದರೆ ನಿಜವಾಗ್ಲೂ ಪ್ರೊಸೆಸರ್‌ದೇನಾ ಅಂತ ನೋಡ್ಕೋಬೇಕು. ಗೇಮ್‌ನಲ್ಲಿ ಶತ್ರು ಎಲ್ಲಿದ್ದಾನೆ, ಗುಂಡು ಎಲ್ಲಿಗೆ ಹೋಯ್ತು, ಮುಂದಿನ ಫ್ರೇಮ್‌ನಲ್ಲಿ ಏನೇನು ಬಿಡಿಸಬೇಕು ಅನ್ನೋ ಲೆಕ್ಕ ಪ್ರೊಸೆಸರ್‌ದು. ಆ ಚಿತ್ರವನ್ನ ಬಿಡಿಸೋದು ಗ್ರಾಫಿಕ್ಸ್ ಕಾರ್ಡ್. ಲೆಕ್ಕ ತಡವಾದ್ರೆ ಕಾರ್ಡ್ ಸುಮ್ಮನೆ ಕಾಯ್ತಾ ಕೂರುತ್ತೆ. ಪರೀಕ್ಷೆ ಸುಲಭ. ಫ್ರೇಮ್ ಮಿತಿ, ವಿ-ಸಿಂಕ್ ಎರಡೂ ತೆಗೆದು, 1080ಪಿ ಇದ್ದ ರೆಸಲ್ಯೂಶನ್‌ನ 720ಪಿಗೆ ಇಳಿಸಿ. ಎಫ್‌ಪಿಎಸ್ ಚೆನ್ನಾಗಿ ಏರಿದ್ರೆ ಅಡಚಣೆ ಕಾರ್ಡ್‌ದು, ಪ್ರೊಸೆಸರ್ ಬದಲಾಯಿಸಿ ಪ್ರಯೋಜನ ಇಲ್ಲ. ಹೆಚ್ಚೂ ಕಡಿಮೆ ಅಷ್ಟೇ ಇದ್ರೆ ಅಡಚಣೆ ಪ್ರೊಸೆಸರ್ ಅಥವಾ ರ‍್ಯಾಮ್ ಕಡೆ ಇದೆ. ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ 2 ಥರದ ಆಟಗಳಲ್ಲಿ ಇದು ಜಾಸ್ತಿ. ಹಾಗೇ ರ‍್ಯಾಮ್ ಒಂದೇ ಸ್ಟಿಕ್ ಇದ್ಯಾ ನೋಡಿ. ಅಂಥದ್ದೇ ಇನ್ನೊಂದನ್ನ ಹಾಕಿ ಡ್ಯುಯಲ್ ಚಾನೆಲ್ ಮಾಡಿದ್ರೆ ಕೆಲವೊಮ್ಮೆ ಅಷ್ಟರಲ್ಲೇ ಕೆಲಸ ಮುಗಿಯುತ್ತೆ.

ಪ್ರೊಸೆಸರೇ ಅಂತ ಖಾತ್ರಿಯಾದ್ರೆ ಈಗ ಬೋರ್ಡ್. ವಿಂಡೋಸ್‌ನ ಸಿಸ್ಟಮ್ ಇನ್ಫರ್ಮೇಶನ್ ತೆರೆದ್ರೆ ಬೇಸ್‌ಬೋರ್ಡ್ ಪ್ರಾಡಕ್ಟ್ ಅನ್ನೋ ಸಾಲಲ್ಲಿ ಹೆಸರಿರುತ್ತೆ. ಆ ಹೆಸರನ್ನ ಕಂಪನಿಯ ಸೈಟ್‌ನಲ್ಲಿ ಹುಡುಕಿ, ಸಪೋರ್ಟ್ ಪುಟದ ಸಿಪಿಯು ಪಟ್ಟಿ ನೋಡಿ. ಸಾಕೆಟ್ ಒಂದೇ ಇದ್ರೆ ಸಾಕು ಅಂದ್ಕೋಬೇಡಿ. ಇಂಟೆಲ್‌ನ 7ನೇ ತಲೆಮಾರು, 8ನೇ ತಲೆಮಾರು ಎರಡರ ಸಾಕೆಟ್ ಹೆಸರೂ ಎಲ್‌ಜಿಎ 1151. ಆದ್ರೆ 7ನೇದರ ಬೋರ್ಡ್‌ಗೆ 8ನೇದನ್ನ ಹಾಕೋಕೆ ಇಂಟೆಲ್ ಬೆಂಬಲ ಕೊಟ್ಟಿಲ್ಲ. ಆಮೇಲೆ 10, 11ಕ್ಕೆ ಎಲ್‌ಜಿಎ 1200 ಬಂತು, 12, 13, 14ಕ್ಕೆ ಎಲ್‌ಜಿಎ 1700. ಎರಡು ಮೂರು ತಲೆಮಾರಿಗೆ ಒಂದು ಸಲ ಬೋರ್ಡ್ ಬದಲು.

ಎಎಂಡಿಯ ಎಎಂ4 ಕಥೆ ಬೇರೆ. 2017ರ ಮೊದಲ ರೈಜನ್ ಕೂತ ಸಾಕೆಟ್‌ಗೇ ರೈಜನ್ 5000 ಸರಣಿಯೂ ಕೂರುತ್ತೆ. ಬಿ350 ಥರದ ಮೊದಲ ಬೋರ್ಡ್‌ಗಳಿಗೂ 2022ರಲ್ಲಿ ಅಧಿಕೃತ ಬೆಂಬಲ ಸಿಕ್ತು. ಬೇಕಾಗಿರೋದು ಬಯಾಸ್ ಅಪ್‌ಡೇಟ್ ಒಂದೇ. ನಮ್ಮ ಪ್ರಕಾರ ಬಜೆಟ್ ಗೇಮರ್‌ಗೆ ಇದಕ್ಕಿಂತ ಒಳ್ಳೆ ಸಾಕೆಟ್ ಬಂದಿಲ್ಲ.

ಒಂದು ಉದಾಹರಣೆ ತಗೊಳ್ಳೋಣ. ರೈಜನ್ 3 2200ಜಿ, ಬಿ450 ಬೋರ್ಡ್, 16 ಜಿಬಿ ಡಿಡಿಆರ್4, ಆಮೇಲೆ ಸೇರಿಸಿದ ಆರ್‌ಎಕ್ಸ್ 6600. ನಮ್ಮಂಥವರ ರೂಮ್‌ಗಳಲ್ಲಿ ಇರೋದು ಇಂಥ ಪಿಸಿಗಳೇ. 2200ಜಿಯಲ್ಲಿ 4 ಕೋರ್, 4 ಥ್ರೆಡ್, ಎಲ್3 ಕ್ಯಾಶ್ ಬರೀ 4 ಎಂಬಿ. ಕಾರ್ಡ್ ಓಡ್ತೀನಿ ಅಂದ್ರೂ ಇದು ಬಿಡಲ್ಲ. ಇಲ್ಲಿ ಬೋರ್ಡ್, ರ‍್ಯಾಮ್ ಎರಡನ್ನೂ ಮುಟ್ಟದೆ ರೈಜನ್ 5 5600 ಹಾಕಿದ್ರೆ 6 ಕೋರ್, 12 ಥ್ರೆಡ್, 32 ಎಂಬಿ ಎಲ್3. ಟಿಡಿಪಿ 65 ವ್ಯಾಟ್, ಅಂದ್ರೆ 2200ಜಿಯಷ್ಟೇ. ಕೂಲರ್ ಡಬ್ಬದಲ್ಲೇ ಬರುತ್ತೆ. ಬಿ450ಯಲ್ಲಿ ಪಿಸಿಐಇ 3.0 ಮಾತ್ರ, ಕಾರ್ಡ್ 4.0ದು. ಆದ್ರೆ ಆರ್‌ಎಕ್ಸ್ 6600 ಎಂಟು ಲೇನ್ ಬಳಸೋದ್ರಿಂದ ಸಾಮಾನ್ಯವಾಗಿ ನಷ್ಟ ಸಣ್ಣದು. ಅದಕ್ಕೋಸ್ಕರ ಬಿ550 ಕೊಳ್ಳೋದು ದುಡ್ಡು ದಂಡ.

ಅಂಗಡಿಯಲ್ಲಿ ಇದೇ ಹೊತ್ತಿಗೆ "5500 ತಗೊಳ್ಳಿ, 5600ಜಿ ತಗೊಳ್ಳಿ, ಎಲ್ಲ ಒಂದೇ" ಅಂತಾರೆ. ಒಂದೇ ಅಲ್ಲ. ಕೋರ್ ಸಂಖ್ಯೆ ಆರೇ, ಆದ್ರೆ ಆ ಎರಡರಲ್ಲೂ ಎಲ್3 16 ಎಂಬಿ, ಪಿಸಿಐಇ 3.0. ಗೇಮ್ ಪದೇಪದೇ ಕೇಳೋ ಡೇಟಾ ಕ್ಯಾಶ್‌ನಲ್ಲಿ ಸಿಗದಿದ್ರೆ ರ‍್ಯಾಮ್‌ವರೆಗೆ ಹೋಗಿ ಬರಬೇಕು, ಆ ಓಡಾಟದಲ್ಲೇ ಫ್ರೇಮ್ ತಡವಾಗೋದು. 5600ಜಿಗೆ ಅರ್ಥ ಇರೋದು ಕಾರ್ಡ್ ಇಲ್ಲದವರಿಗೆ, ಯಾಕಂದ್ರೆ ಅದರೊಳಗೇ ಗ್ರಾಫಿಕ್ಸ್ ಇದೆ. ಆರ್‌ಎಕ್ಸ್ 6500 ಎಕ್ಸ್‌ಟಿ ಇರೋರಂತೂ ಹುಷಾರು. ಆ ಕಾರ್ಡ್‌ಗೆ ನಾಲ್ಕೇ ಲೇನ್, 3.0ದಲ್ಲಿ ಅದು ನಿಜವಾಗಿಯೂ ಒದ್ದಾಡುತ್ತೆ.

ಹಳೇ ಇಂಟೆಲ್ ಇದ್ದು ಬೋರ್ಡ್ ಹೇಗಿದ್ರೂ ಬದಲಾಯಿಸಲೇಬೇಕು ಅಂದ್ರೆ ರ‍್ಯಾಮ್ ಲೆಕ್ಕ ಮುಂದೆ ಬರುತ್ತೆ. ಎಎಂ5 ಸಾಕೆಟ್‌ಗೆ ಡಿಡಿಆರ್5 ಮಾತ್ರ ಆಗೋದು. ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರೂ ಹೊಸದು, ಅದೂ 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿರೋವಾಗ. ಎಎಂ5ಗೆ 2027ರವರೆಗಾದ್ರೂ ಬೆಂಬಲ ಇದೆ ಅಂತ ಎಎಂಡಿ ಹೇಳಿರೋದ್ರಿಂದ, ದುಡ್ಡಿದ್ದವರಿಗೆ ಅದೇ ಸರಿ. ಕೈ ಬಿಗಿ ಇದ್ರೆ ಡಿಡಿಆರ್4 ಇರೋ ಎಚ್610 ಅಥವಾ ಬಿ660 ಬೋರ್ಡ್ ಜೊತೆ ಐ5-12400ಎಫ್ ಹಾಕಿ, ಹಳೇ ಡಿಡಿಆರ್4 ಸ್ಟಿಕ್‌ಗಳನ್ನೇ ಬಳಸಬಹುದು. ಒಂದೇ ಚಿಪ್‌ಸೆಟ್ ಹೆಸರಲ್ಲಿ ಡಿಡಿಆರ್4, ಡಿಡಿಆರ್5 ಎರಡು ಥರದ ಬೋರ್ಡೂ ಬರುತ್ತೆ, ಡಬ್ಬದ ಮೇಲೆ ಓದಿಯೇ ದುಡ್ಡು ಕೊಡಿ. ಹೆಸರಿನ ಕೊನೆಯ 'ಎಫ್' ಅಂದ್ರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ. ಕಾರ್ಡ್ ಇಲ್ಲದಿದ್ರೆ ಸ್ಕ್ರೀನ್ ಕಪ್ಪು.

ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗೋರಿಗೆ ಒಂದು ಮಾತು. "ಐ7 ಗೇಮಿಂಗ್ ಪಿಸಿ" ಅಂತ ಅಗ್ಗಕ್ಕೆ ಸಿಕ್ಕಿದ್ರೆ ಐ7 ಆದಮೇಲಿನ ಅಂಕಿ ಕೇಳಿ. 3770 ಅಂದ್ರೆ ಅದು 2012ರದು, ಡಿಡಿಆರ್3 ಕಾಲದ್ದು. 2022ರ ಐ3-12100ಎಫ್‌ನಲ್ಲೂ ಅಷ್ಟೇ 4 ಕೋರ್, 8 ಥ್ರೆಡ್, ಆದ್ರೆ ಗೇಮ್‌ನಲ್ಲಿ ಅದು ಈ ಐ7ನ ಸಲೀಸಾಗಿ ಹಿಂದೆ ಹಾಕುತ್ತೆ. ಮೇಲಾಗಿ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್‌ಗೆ ಮುಗಿದಿದೆ, ಅಷ್ಟು ಹಳೇ ಪ್ರೊಸೆಸರ್‌ಗಳನ್ನ ವಿಂಡೋಸ್ 11 ಅಧಿಕೃತವಾಗಿ ಒಪ್ಪಲ್ಲ.

ಇನ್ನು ಬದಲಾಯಿಸೋ ಕೆಲಸ. ಬಯಾಸ್ ಅಪ್‌ಡೇಟ್‌ನ ಹಳೇ ಪ್ರೊಸೆಸರ್ ಇರುವಾಗ್ಲೇ ಮುಗಿಸಿ. ಅರ್ಧದಲ್ಲಿ ಕರೆಂಟ್ ಹೋದ್ರೆ ಬೋರ್ಡೇ ಸಾಯಬಹುದು, ಹಾಗಾಗಿ ಮಳೆ ಗುಡುಗಿನ ಸಂಜೆ ಬೇಡ, ಯುಪಿಎಸ್ ಇದ್ರೆ ಒಳ್ಳೇದು. ಎಎಂ4ನಲ್ಲಿ ಪಿನ್‌ಗಳಿರೋದು ಪ್ರೊಸೆಸರ್ ಅಡಿಯಲ್ಲೇ. ಪೇಸ್ಟ್ ಒಣಗಿ ಅಂಟಿರುತ್ತೆ, ಕೂಲರ್‌ನ ಸೀದಾ ಎಳೆದ್ರೆ ಪ್ರೊಸೆಸರೂ ಕಿತ್ಕೊಂಡು ಬಂದು ಪಿನ್ ಬಾಗಬಹುದು. ಸ್ವಲ್ಪ ಹೊತ್ತು ಗೇಮ್ ಆಡಿ ಬಿಸಿ ಮಾಡಿ, ಆಫ್ ಮಾಡಿ ಪ್ಲಗ್ ತೆಗೆದು, ಸ್ಕ್ರೂ ಬಿಚ್ಚಿದಮೇಲೆ ಕೂಲರ್‌ನ ಮೆಲ್ಲಗೆ ಆಚೆ ಈಚೆ ತಿರುಗಿಸಿ ಎತ್ತಿ. ಪಿಸಿ ಏಳ್ತಿದ್ದ ಹಾಗೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಮತ್ತೆ ಆನ್ ಮಾಡಿ. ಅಪ್‌ಡೇಟ್ ಆದಮೇಲೆ ಸಾಮಾನ್ಯವಾಗಿ ಅದು ಆಫ್ ಆಗಿ, 3200ರ ರ‍್ಯಾಮ್ 2400ಕ್ಕೋ 2133ಕ್ಕೋ ಇಳಿದಿರುತ್ತೆ.

ಬಿಟ್‌ಲಾಕರ್ ಆನ್ ಇದ್ರೆ ಬಯಾಸ್ ಮುಟ್ಟೋಕೆ ಮುಂಚೆಯೇ ಅದನ್ನ ಸಸ್ಪೆಂಡ್ ಮಾಡಿ, ರಿಕವರಿ ಕೀ ಫೋನಲ್ಲಿ ಇಟ್ಕೊಳ್ಳಿ. ಎಫ್‌ಟಿಪಿಎಂ ಇರೋದು ಪ್ರೊಸೆಸರ್ ಒಳಗೆ, ಪ್ರೊಸೆಸರ್ ಬದಲಾದ್ರೆ ಅದೂ ಹೊಸದು. ಕೀ ಇಲ್ಲದೆ ಸಿಕ್ಕಿಹಾಕ್ಕೊಂಡ್ರೆ ಲ್ಯಾಬ್ ರೆಕಾರ್ಡ್, ಪ್ರಾಜೆಕ್ಟ್ ಎಲ್ಲ ಡ್ರೈವ್ ಒಳಗೇ ಉಳಿದುಹೋಗುತ್ತೆ.