ಹೊಲಿಗೆ ಬಿಚ್ಚಿ ಹೊಲಿಗೆ ಕಲಿತಾಕೆ

ಉಡುಪಿನ ವಿನ್ಯಾಸವೆಂದರೆ ಸಿರಿವಂತರ ವ್ಯವಹಾರ, ನಮಗೇಕೆ ಎಂದು ಓದುಗರು ಪುಟ ಮಗುಚಬಾರದು. ಇಲ್ಲಿ ಹೇಳಹೊರಟಿರುವುದು ಬಟ್ಟೆಗಿರಣಿಯಲ್ಲಿ ನೇಯ್ದವರೊಬ್ಬರ ಮಗಳ ವಿಷಯ.

ವಿವಿಯನ್ ವೆಸ್ಟ್‌ವುಡ್ 1941ರಲ್ಲಿ ಇಂಗ್ಲೆಂಡಿನ ಉತ್ತರ ಭಾಗದ ಹಳ್ಳಿಯೊಂದರಲ್ಲಿ ಹುಟ್ಟಿದರು. ತಾಯಿ ಹತ್ತಿ ಗಿರಣಿಯ ನೇಯ್ಗೆ ಕೆಲಸದವರು. ಮಗಳು ಕಲಾಶಾಲೆಗೆ ಸೇರಿದರೂ ಒಂದೇ ಅವಧಿಯಲ್ಲಿ ಬಿಟ್ಟಳು. ದುಡಿಯುವ ಮನೆಯ ಹುಡುಗಿಗೆ ಕಲೆಯಿಂದ ಅನ್ನ ಹುಟ್ಟೀತೆ ಎಂಬ ಅಳುಕು. ಕಾರ್ಖಾನೆಯಲ್ಲಿ ದುಡಿದು, ತರಬೇತಿ ಪಡೆದು, ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯಾದರು.

1971ರಲ್ಲಿ ಮಾಲ್ಕಮ್ ಮೆಕ್ಲಾರೆನ್ ಎಂಬ ಸಂಗಾತಿಯೊಡನೆ ಲಂಡನ್ನಿನ ಕಿಂಗ್ಸ್ ರಸ್ತೆಯ 430ನೆಯ ನಂಬರಿನಲ್ಲಿ ಅಂಗಡಿ ಹೂಡಿದರು. ಕತ್ತರಿಕೆಯ ವಿದ್ಯೆಗೆ ಅವರಿಗೆ ಗುರುವಾದದ್ದು ಹಳೆಯ ಬಟ್ಟೆ. ಹೊಲಿಗೆ ಬಿಚ್ಚುವುದು, ತುಂಡುಗಳನ್ನು ಹರಡಿ ನೋಡುವುದು, ಕತ್ತರಿ ಹೋದ ದಾರಿಯನ್ನು ತಿಳಿಯುವುದು: ಇದೇ ಪಾಠ.

1976ರ ಸುಮಾರಿಗೆ ಆ ದೇಶದ ಅತೃಪ್ತ ಯುವಕರಲ್ಲಿ 'ಪಂಕ್' ಎಂಬ ಸಂಗೀತದ ಅಲೆ ಎದ್ದಿತು. ಅದಕ್ಕೆ ಉಡುಪು ತೊಡಿಸಿದವರು ಇವರೇ. ಹರಿದ ಅಂಗಿ, ಅದಕ್ಕೆ ಪಿನ್ನು, ಕಾಲಿಗೂ ಕಾಲಿಗೂ ನಡುವೆ ಪಟ್ಟಿ ಬಿಗಿದ ಷರಾಯಿ! ರಾಣಿಯ ಚಿತ್ರದ ತುಟಿಗೂ ಪಿನ್ನು ಚುಚ್ಚಿದ ಅಂಗಿ ಆ ಅಂಗಡಿಯಲ್ಲಿ ಮಾರಾಟವಾಯಿತು. ಸಭ್ಯರು ಛೀ ಎಂದರು.

ಆದರೆ ಹರಿಯುವುದಷ್ಟೇ ಅವರ ವಿದ್ಯೆಯಲ್ಲ. 1981ರ ಕಡಲುಗಳ್ಳರ ಮಾದರಿಯ ಉಡುಪುಗಳಿಂದ ಮೊದಲ್ಗೊಂಡು ಅವರು ಹಳೆಯ ಶತಮಾನಗಳ ಕತ್ತರಿಕೆಯನ್ನು ಅಭ್ಯಾಸ ಮಾಡಿದರು. ಹಿಂದೆ ಹೆಂಗಸರು ಒಳಗೆ ತೊಡುತ್ತಿದ್ದ ಬಿಗಿ ಕುಪ್ಪಸವನ್ನು ಹೊರಗೆ ತಂದರು. ಸ್ಕಾಟ್ಲೆಂಡಿನ ದ್ವೀಪಗಳಲ್ಲಿ ನೇಕಾರರು ತಮ್ಮ ಮನೆಗಳಲ್ಲೇ ನೇಯುವ ಹ್ಯಾರಿಸ್ ಟ್ವೀಡ್ ಎಂಬ ಉಣ್ಣೆಬಟ್ಟೆಗೆ 1987ರಲ್ಲಿ ಹೊಸ ಮೆರುಗು ಕೊಟ್ಟರು. ಹಳೆಯದನ್ನು ಬಲ್ಲವರಿಗೇ ಅದನ್ನು ಮುರಿದು ಕಟ್ಟಲು ಬರುತ್ತದೆ.

1988ರಲ್ಲಿ ದೂರದರ್ಶನದ ಕಾರ್ಯಕ್ರಮವೊಂದರಲ್ಲಿ ಅವರ ಉಡುಪುಗಳನ್ನು ಕಂಡು ಸಭಿಕರು ಗೊಳ್ಳೆಂದು ನಕ್ಕರು. 1990ರಲ್ಲಿಯೂ 1991ರಲ್ಲಿಯೂ ಬ್ರಿಟನ್ನಿನ ವರ್ಷದ ವಿನ್ಯಾಸಕಿ ಎಂಬ ಪ್ರಶಸ್ತಿ ಅವರಿಗೇ ಬಂತು. 1992ರಲ್ಲಿ ಅದೇ ರಾಣಿಯ ಅರಮನೆಯಲ್ಲಿ ಪದಕ ಪಡೆದರು. 2004ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯ ಅವರ ಜೀವಮಾನದ ಕೆಲಸವನ್ನು ಪ್ರದರ್ಶಿಸಿತು. 2022ರ ಡಿಸೆಂಬರ್ 29ರಂದು, 81ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಕೊನೆಗಾಲದಲ್ಲಿ ಅವರು ಜನರಿಗೆ ಹೇಳುತ್ತಿದ್ದುದಿಷ್ಟೆ: ಕಡಿಮೆ ಕೊಳ್ಳಿ, ನೋಡಿ ಆರಿಸಿ, ಬಹುಕಾಲ ಬಾಳಿಸಿ. ಬಟ್ಟೆ ಮಾರುವವರ ಬಾಯಲ್ಲಿ ಇಂಥ ಮಾತು ವಿಚಿತ್ರವೇ. ಅವರ ಅಂಗಡಿಯ ಬೆಲೆಯಂತೂ ನಮ್ಮ ಸಂಬಳಕ್ಕೆ ಎಟುಕುವಂಥದಲ್ಲ. ಬುದ್ಧಿಮಾತು ಎಟುಕುತ್ತದೆ, ಬಿಚ್ಚಿ ನೋಡಿ ಕಲಿಯುವ ವಿದ್ಯೆಗಂತೂ ಕಾಸು ಬೇಡ.