ತುಟಿಗಳ ನಡುವಣ ಗುಂಡುಸೂಜಿ

ಅಲ್ಪವೆಂದು ನಾವು ಅಲಕ್ಷಿಸುವ ವಸ್ತುಗಳಲ್ಲಿ ಗುಂಡುಸೂಜಿಯೂ ಒಂದು. ಅದಕ್ಕೆ ಅಂಜಬೇಕೆಂಬುದನ್ನು ನಾನು ಕಲಿತುದು ಹೋದ ವರ್ಷ, ನನ್ನ ತಂಗಿಯಿಂದ.

ಬೆಳಗಿನ ಬಸ್ಸಿಗೆ ಹೊತ್ತಾಗಿದ್ದಿತು. ತಂಗಿಯು ಕನ್ನಡಿಯ ಮುಂದೆ ನಿಂತು ಎರಡು ಕೈಗಳಿಂದಲೂ ಹಿಜಾಬಿನ ನೆರಿಗೆಯನ್ನು ಸರಿಪಡಿಸುತ್ತಿದ್ದಳು. ಮೂರನೆಯ ಕೈ ಇಲ್ಲದುದರಿಂದ, ಮಣಿತಲೆಯ ಪಿನ್ನನ್ನು ತುಟಿಗಳಲ್ಲಿ ಹಿಡಿದಿದ್ದಳು. ನಾನು ಏನೋ ಹಾಸ್ಯವಾಡಿದೆನು, ಅವಳು ನಕ್ಕಳು. ಪಿನ್ನು ಮಾಯವಾಯಿತು! ಕಣ್ಣಲ್ಲಿ ನೀರು ಬರುವಂತೆ ಕೆಮ್ಮಿದಳು. ಕೆಮ್ಮು ನಿಂತಮೇಲೆ, “ನುಂಗಿಬಿಟ್ಟೆನೆಂದು ತೋರುತ್ತದೆ, ಅಮ್ಮಿಗೆ ಹೇಳಬೇಡ” ಎಂದು ಬಸ್ಸು ಹತ್ತಿದಳು. ನಾನೂ ಹೇಳಲಿಲ್ಲ.

ಅವಳು ಅದನ್ನು ನುಂಗಿರಲಿಲ್ಲ. ನುಂಗುವಾಗ ಶ್ವಾಸನಾಳದ ಬಾಯಿಯನ್ನು ಒಂದು ಪುಟ್ಟ ಮುಚ್ಚಳವು ಮುಚ್ಚುತ್ತದೆ. ಉಸಿರೆಳೆಯುವಾಗ ಅದು ತೆರೆದಿರುತ್ತದೆ. ನಗುವವರು ಉಸಿರನ್ನೆಲ್ಲ ಹೊರಬಿಟ್ಟು ಥಟ್ಟನೆ ಒಳಕ್ಕೆಳೆದುಕೊಳ್ಳುತ್ತಾರೆ. ತುಟಿಯಲ್ಲಿದ್ದ ಪಿನ್ನೂ ಆ ಗಾಳಿಯೊಡನೆ ಹೋಗುತ್ತದೆ. ಭಾರವಾದ ಮಣಿ ಸಾಮಾನ್ಯವಾಗಿ ಕೆಳಗೆ, ಮೊನೆ ಮೇಲೆ. ಪಿನ್ನು ತೆಳ್ಳಗಿರುವುದರಿಂದ ಅದರ ಪಕ್ಕದಲ್ಲಿ ಗಾಳಿ ಆಡುತ್ತಲೇ ಇರುತ್ತದೆ. ಆದಕಾರಣ ಮೊದಲ ಕೆಮ್ಮು ನಿಂತಮೇಲೆ ಎಲ್ಲವೂ ಸರಿಹೋಯಿತೆಂದು ತೋರುತ್ತದೆ. ಇದೇ ಅದರ ಮೋಸ. ಒಳಗಿರುವ ಪಿನ್ನು ನಾಳದ ಗೋಡೆಯನ್ನು ಗೀರಬಹುದು, ಇನ್ನೂ ಆಳಕ್ಕೆ ಸರಿಯಬಹುದು, ಸೋಂಕನ್ನೂ ತರಬಹುದು.

ಮೂರನೆಯ ರಾತ್ರಿ ಕೆಮ್ಮು ಮರಳಿತು. ಆಗ ಅಮ್ಮಿಗೆ ಹೇಳಿದೆನು. ಆಸ್ಪತ್ರೆಯ ಕ್ಷ-ಕಿರಣದ ಚಿತ್ರದಲ್ಲಿ, ಬಲಗಡೆಯ ಶ್ವಾಸಕೋಶದ ಕೊಂಬೆಯಲ್ಲಿ, ಬಿಳಿಯ ಗೆರೆಯೊಂದು ನಿಂತಿದ್ದಿತು. ವೈದ್ಯರು ಬಾಯಿಯ ಮೂಲಕ ನಳಿಕೆಯನ್ನು ಇಳಿಸಿ, ಚಿಮಟದಿಂದ ಅದನ್ನು ಹಿಡಿದು ತೆಗೆದರು. ಹೀಗೆ ಸುಲಭವಾಗಿ ಬಾರದಿದ್ದರೆ ಎದೆಯನ್ನು ಕೊಯ್ಯಬೇಕಾಗುವುದೂ ಉಂಟು.

ಈ ವಿದ್ಯೆಗೆ ಮೊದಲಿಟ್ಟವರು ಜರ್ಮನಿಯ ಫ್ರೈಬುರ್ಗಿನ ಗುಸ್ಟಾವ್ ಕಿಲಿಯನ್. 1897ರಲ್ಲಿ ಅವರು ಒಬ್ಬ ರೈತನ ಶ್ವಾಸನಾಳದಿಂದ ಮೂಳೆಯ ಚೂರನ್ನು ಹೀಗೆಯೇ ತೆಗೆದರು. ಅಮೆರಿಕದ ಷೆವಲಿಯರ್ ಜಾಕ್ಸನ್ ಎಂಬ ವೈದ್ಯರು ರೋಗಿಗಳ ಗಂಟಲು, ಎದೆಗಳಿಂದ ತೆಗೆದ 2,000ಕ್ಕೂ ಹೆಚ್ಚು ವಸ್ತುಗಳನ್ನು ಕೂಡಿಟ್ಟರು. ಫಿಲಡೆಲ್ಫಿಯದ ಮ್ಯೂಟರ್ ವಸ್ತುಸಂಗ್ರಹಾಲಯದಲ್ಲಿರುವ ಆ ರಾಶಿಯಲ್ಲಿ ಪಿನ್ನುಗಳಿಗೆ ಬರವಿಲ್ಲ. ನಮ್ಮ ಕಾಲದಲ್ಲಿ ತುರ್ಕಿ, ಈಜಿಪ್ಟ್, ಟುನೀಷಿಯ, ಮಲೇಷಿಯಗಳ ವೈದ್ಯರು ತಲೆವಸ್ತ್ರದ ಪಿನ್ನಿನ ಇಂತಹ ಪ್ರಸಂಗಗಳನ್ನು ವೈದ್ಯಪತ್ರಿಕೆಗಳಲ್ಲಿ ಬರೆದಿದ್ದಾರೆ. ರೋಗಿಗಳಲ್ಲಿ ಬಹುಮಂದಿ ನಮ್ಮ ವಯಸ್ಸಿನ ಹುಡುಗಿಯರೇ.

ದೋಷವು ವಸ್ತ್ರದ್ದಲ್ಲ, ತುಟಿಯದು. ಬಟ್ಟೆ ಹೊಲಿಯುವವರೂ ಮುಡಿಗೆ ಹೂ ಮುಡಿಯುವವರೂ ಇದೇ ತಪ್ಪನ್ನು ಮಾಡುವುದಿಲ್ಲವೆ? ಪಿನ್ನನ್ನು ಕನ್ನಡಿಯ ಬಳಿ ಒಂದು ಹತ್ತಿಯ ದಿಂಬಿಗೆ ಚುಚ್ಚಿಡಿರಿ. ಇಲ್ಲವೆ ಮೊನೆಯಿಲ್ಲದ ಕ್ಲಿಪ್ಪು, ಅಯಸ್ಕಾಂತದ ಗುಂಡಿಗಳನ್ನು ಬಳಸಿರಿ. ಆಕಸ್ಮಿಕವಾಗಿ ಒಳಗೆ ಹೋದರೆ, ಅನ್ನ ಬಾಳೆಹಣ್ಣುಗಳನ್ನು ನುಂಗಿ ಅದನ್ನು ಇಳಿಸಲೆಳಸದೆ, ಕೆಮ್ಮು ನಿಂತರೂ ಕೂಡಲೇ ಆಸ್ಪತ್ರೆಗೆ ಹೋಗಿ ನಡೆದುದನ್ನು ಹೇಳಿರಿ.

ತಂಗಿಯು ಈಗ ಎಂದಿನಂತೆ ನಗುತ್ತಾಳೆ. ಬೈಗುಳಿಗೆ ಹೆದರಿ ನಾವಿಬ್ಬರೂ ಮುಚ್ಚಿಟ್ಟ ಆ ಮೂರು ದಿನಗಳನ್ನು ನೆನೆದರೆ ನನಗೆ ಇಂದಿಗೂ ಮೈ ನಡುಗುತ್ತದೆ. ಅಮ್ಮಿ ಬೈಯಲಿಲ್ಲ, “ಮೊದಲೇ ಏಕೆ ಹೇಳಲಿಲ್ಲ?” ಎಂದು ಮಾತ್ರ ಕೇಳಿದಳು.