ಸಣ್ಣ ಕಂಪೆನಿಗೆ ತೆರಿಗೆ ರಿಯಾಯಿತಿ: ಯಾರಿಗೆ ಎಷ್ಟು ಲಾಭ?

ಸೊಲ್ಲಾಪುರ: ಅಕ್ಕಲಕೋಟ ರಸ್ತೆಯ ಎಂಐಡಿಸಿಯಲ್ಲಿ ಚಾದರ, ಟವೆಲ್ ನೇಯಿಸುವವರಿರಲಿ, ಹೊಸೂರಿನಲ್ಲಿ ಲೇತ್ ಇಟ್ಟುಕೊಂಡು ಬಿಡಿಭಾಗ ತಯಾರಿಸುವವರಿರಲಿ, ಸಣ್ಣ ಉದ್ಯಮಿಗಳನ್ನು ಕಾಡುವ ಪ್ರಶ್ನೆ ಒಂದೇ. ಪಾಲುದಾರಿಕೆ ಬಿಟ್ಟು ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡರೆ ತೆರಿಗೆ ಉಳಿಯುತ್ತದೆಯೇ?

ಕೇಂದ್ರ ಸರಕಾರ 2017ರ ಬಜೆಟ್‌ನಲ್ಲಿ 50 ಕೋಟಿ ರೂ. ವರೆಗೆ ವಹಿವಾಟು ಇರುವ ಕಂಪೆನಿಗಳ ತೆರಿಗೆಯನ್ನು ಶೇ. 25ಕ್ಕೆ ಇಳಿಸಿತು. ಈ ಮಿತಿ 2018ರಲ್ಲಿ 250 ಕೋಟಿಗೆ, 2019ರಲ್ಲಿ 400 ಕೋಟಿಗೆ ಏರಿತು. 2019ರ ಸೆಪ್ಟೆಂಬರ್ 20ರಂದು ಇನ್ನೊಂದು ಆಯ್ಕೆ ಬಂತು. ಕೆಲವು ವಿನಾಯಿತಿಗಳನ್ನು ಬಿಟ್ಟುಕೊಡುವ ಯಾವುದೇ ದೇಶೀಯ ಕಂಪೆನಿಗೆ ಶೇ. 22. ಸರ್ಚಾರ್ಜ್, ಸೆಸ್ ಸೇರಿದರೆ ಇದು ಶೇ. 25.168. ಒಮ್ಮೆ ಆಯ್ದುಕೊಂಡರೆ ಹಿಂದಕ್ಕೆ ಬರುವಂತಿಲ್ಲ. ನಿಗದಿತ ನಮೂನೆಯನ್ನು ಗಡುವಿನೊಳಗೆ ಸಲ್ಲಿಸಲೇಬೇಕು.

ಪಾಲುದಾರಿಕೆ ಸಂಸ್ಥೆಗೆ ಮಾತ್ರ ದರ ಇಳಿಯಲಿಲ್ಲ. ಅದಕ್ಕೆ ಶೇ. 30, ಸೆಸ್ ಸೇರಿ ಶೇ. 31.2. ಸಣ್ಣವರಲ್ಲಿ ಬಹಳಷ್ಟು ಜನ ಇರುವುದು ಇಲ್ಲೇ. ಹಾಗೆಂದು ಅವಸರ ಬೇಡ, ಲೆಕ್ಕ ನೋಡಿ.

ಇಬ್ಬರು ಅಣ್ಣತಮ್ಮಂದಿರ ಸಂಸ್ಥೆಗೆ ವರ್ಷಕ್ಕೆ 10 ಲಕ್ಷ ರೂ. ಲಾಭ ಎಂದುಕೊಳ್ಳಿ. ಸಂಬಳ ತೋರಿಸದಿದ್ದರೆ ತೆರಿಗೆ 3,12,000 ರೂ. ಆದರೆ ದುಡಿಯುವ ಪಾಲುದಾರರ ಸಂಬಳವನ್ನು ಖರ್ಚೆಂದು ಕಳೆಯಬಹುದು. ಮೊದಲ 6 ಲಕ್ಷಕ್ಕೆ ಶೇ. 90, ಉಳಿದದ್ದಕ್ಕೆ ಶೇ. 60 ಎಂಬ ಮಿತಿಯಂತೆ 7.8 ಲಕ್ಷ ಕಳೆಯುತ್ತದೆ. ಉಳಿದ 2.2 ಲಕ್ಷಕ್ಕೆ ತೆರಿಗೆ 68,640 ರೂ. ತಲಾ 3.9 ಲಕ್ಷ ಸಂಬಳ ಪಡೆದ ಅಣ್ಣತಮ್ಮಂದಿರಿಗೆ ಬೇರೆ ಆದಾಯವಿಲ್ಲದಿದ್ದರೆ, ಹೊಸ ಪದ್ಧತಿಯಲ್ಲಿ ತೆರಿಗೆಯೇ ಇಲ್ಲ. ಉಳಿದ ಲಾಭವನ್ನು ಹಂಚಿಕೊಂಡರೂ ಅವರ ಕೈಯಲ್ಲಿ ಅದಕ್ಕೆ ಮತ್ತೆ ತೆರಿಗೆ ಬೀಳದು.

ಅದೇ ವ್ಯಾಪಾರ ಕಂಪೆನಿಯಾಗಿದ್ದು, ಅಣ್ಣತಮ್ಮಂದಿರು ನಿರ್ದೇಶಕರಾಗಿ ಅಷ್ಟೇ ಸಂಬಳ ಪಡೆದರೆ ಕಂಪೆನಿಯ ತೆರಿಗೆ ಸುಮಾರು 55,370 ರೂ. ಉಳಿತಾಯ 13 ಸಾವಿರದಷ್ಟು. ಆದರೆ ಕಂಪೆನಿಗೆ ವಹಿವಾಟು ಎಷ್ಟೇ ಇರಲಿ ಆಡಿಟ್ ಕಡ್ಡಾಯ, ರಿಜಿಸ್ಟ್ರಾರ್ ಕಚೇರಿಗೆ ಪ್ರತಿವರ್ಷ ದಾಖಲೆ ಸಲ್ಲಿಸಬೇಕು. ಲಾಭವನ್ನು ಡಿವಿಡೆಂಡ್ ಆಗಿ ತೆಗೆದರೆ, 2020ರ ಏಪ್ರಿಲ್‌ನಿಂದ ಅದು ಪಡೆದವರ ಆದಾಯಕ್ಕೆ ಸೇರುತ್ತದೆ. 13 ಸಾವಿರ ಇದರಲ್ಲೇ ಕರಗಬಹುದು.

ಹಾಗಾದರೆ ಕಂಪೆನಿ ಯಾರಿಗೆ ಒಳ್ಳೆಯದು? ಲಾಭವನ್ನು ಮನೆಗೆ ಒಯ್ಯದೆ ಹೊಸ ಮಗ್ಗ, ಹೊಸ ಯಂತ್ರಕ್ಕೆ ಹಾಕುವವರಿಗೆ. ವ್ಯಾಪಾರದಲ್ಲೇ 50 ಲಕ್ಷ ಉಳಿಸಿದರೆ ಸಂಸ್ಥೆಗೂ ಕಂಪೆನಿಗೂ ತೆರಿಗೆಯಲ್ಲಿ 3 ಲಕ್ಷ ರೂ.ಗೂ ಹೆಚ್ಚು ಅಂತರ ಬೀಳುತ್ತದೆ. ಬಂದ ಲಾಭದಲ್ಲೇ ಸಂಸಾರ ನಡೆಸುವವರು ಮೊದಲು ತಮ್ಮ ಪಾಲುದಾರಿಕೆ ಪತ್ರ ತೆಗೆದು ನೋಡಲಿ. ಸಂಬಳದ ಮಾತು ಅದರಲ್ಲಿ ಬರೆದಿರದಿದ್ದರೆ ಆ ಕಡಿತ ಸಿಗುವುದಿಲ್ಲ. ಕಂಪೆನಿ ಮಾಡುವುದಕ್ಕಿಂತ ಆ ಪತ್ರ ಸರಿಪಡಿಸುವುದೇ ಹಲವರಿಗೆ ದೊಡ್ಡ ಉಳಿತಾಯ.